ಅಲುಗಾಡುವ ಬ್ರಿಡ್ಜ್: ಸಡಿಲವಾಗಿದ್ದದ್ದು ಎಲ್ಲಿ, ಬಿಗಿ ಮಾಡಿದ್ದು ಹೇಗೆ

ನನ್ನ ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿಗಳು ಒಂದು ವಿಚಿತ್ರ ತೊಂದರೆ ಕೊಡುತ್ತಿದ್ದವು. ಓಪನ್ ಆಗಿ (ಎಲ್ಲೂ ಒತ್ತದೆ) ಮೀಟಿದರೆ ಶ್ರುತಿ ಸರಿಯಾಗಿರುತ್ತಿತ್ತು, ಕುತ್ತಿಗೆಯ ಮೇಲಿನ ಲೋಹದ ಅಡ್ಡಗೀಟುಗಳಲ್ಲಿ 12ನೆಯದರಲ್ಲಿ, ಅಂದರೆ 12ನೇ ಫ್ರೆಟ್‌ನಲ್ಲಿ, ಒತ್ತಿ ಮೀಟಿದರೆ ಸ್ವರ ಮೇಲೇರುತ್ತಿತ್ತು. ಬ್ರಿಡ್ಜ್ ಎಂದರೆ ಬಾಡಿಯ ಮೇಲೆ ತಂತಿಗಳನ್ನು ಹೊತ್ತಿರುವ ಲೋಹದ ಆಸರೆ; ಅದರಲ್ಲಿ ಒಂದೊಂದು ತಂತಿ ಕೂರುವ ಪುಟ್ಟ ತುಂಡೇ ಸ್ಯಾಡಲ್. ಆ ಸ್ಯಾಡಲನ್ನು ಹಿಂದಕ್ಕೆ ಸರಿಸಿ ಸರಿಸಿ ಇನ್ನು ಜಾಗವೇ ಇರಲಿಲ್ಲ. ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಬ್ರಿಡ್ಜನ್ನು ಪಕ್ಕದಿಂದ ನೋಡಿದರೆ ಕಾರಣ ಕಣ್ಣೆದುರೇ ಇತ್ತು: ಬ್ರಿಡ್ಜನ್ನು ಹೊತ್ತ ಎರಡು ಪುಟ್ಟ ಕಂಬಗಳಲ್ಲಿ (ಪೋಸ್ಟ್) ಆರನೇ, ಅಂದರೆ ಅತಿ ದಪ್ಪ, ತಂತಿಯ ಕಡೆಯದು ಪಿಕಪ್‌ನತ್ತ, ಅಂದರೆ ಕುತ್ತಿಗೆಯ ಕಡೆಗೆ, ವಾಲಿತ್ತು. ಹೆಬ್ಬೆರಳಲ್ಲಿ ತಳ್ಳಿದರೆ ಅಲುಗಾಡುತ್ತಿತ್ತು ಕೂಡ.

ನನ್ನದು ಟ್ಯೂನ್-ಓ-ಮ್ಯಾಟಿಕ್ ಬಗೆಯ ಬ್ರಿಡ್ಜ್, ಗಿಬ್ಸನ್ ಕಂಪನಿ 1954ರಲ್ಲಿ ತಂದದ್ದು. ಇದನ್ನು ಯಾವ ಸ್ಕ್ರೂವೂ ಬಾಡಿಗೆ ಬಿಗಿದು ಹಿಡಿದಿರುವುದಿಲ್ಲ. ಎರಡು ಪೋಸ್ಟ್‌ಗಳ ಮೇಲೆ ಬರೀ ಕೂತಿರುತ್ತದೆ, ತಂತಿಗಳು ಅದನ್ನು ಒತ್ತಿ ಹಿಡಿದಿರುತ್ತವೆ. 10–46 ಸೆಟ್‌ನ (ಅತಿ ತೆಳು ತಂತಿ 0.010 ಇಂಚು, ಅತಿ ದಪ್ಪದ್ದು 0.046 ಇಂಚು) ಆರೂ ತಂತಿಗಳ ಎಳೆತ ಸೇರಿದರೆ 40 ಕಿಲೋ ದಾಟುತ್ತದೆ. ತಂತಿ ಬ್ರಿಡ್ಜ್ ದಾಟಿ ಟೇಲ್‌ಪೀಸ್ (ತಂತಿಗಳ ತುದಿ ಸಿಕ್ಕಿಸುವ ಲೋಹದ ಪಟ್ಟಿ) ಕಡೆಗೆ ಇಳಿಯುವ ಕೋನದಿಂದಾಗಿ ಒತ್ತಡ ಬಹುಪಾಲು ಕೆಳಕ್ಕೆ, ಸ್ವಲ್ಪ ಪಾಲು ಕುತ್ತಿಗೆಯ ಕಡೆಗೆ ಬೀಳುತ್ತದೆ. ಟೇಲ್‌ಪೀಸನ್ನು ತೀರಾ ಕೆಳಗಿಳಿಸಿದಷ್ಟೂ ಈ ಎರಡೂ ಹೆಚ್ಚು. ಪೋಸ್ಟ್ ಕುತ್ತಿಗೆಯ ಕಡೆಗೇ ವಾಲುವುದು ಇದಕ್ಕೇ. ವಾಲಿದಾಗ ತಂತಿಯ ಉದ್ದ ಅಷ್ಟು ಕಡಿಮೆಯಾಗಿ, ಒತ್ತಿದ ಸ್ವರ ಮೇಲೇರುತ್ತದೆ.

ಬ್ರಿಡ್ಜ್ ಅಲುಗಾಡುತ್ತಿದೆ ಎಂದ ಕೂಡಲೇ ಅಂಟು ಹುಡುಕುವುದು ಬೇಡ. ಮೊದಲು ಯಾವ ಸಂದಿ ಸಡಿಲವಾಗಿದೆ ಎಂದು ಪತ್ತೆ ಹಚ್ಚಬೇಕು. ಸಂದಿಗಳು ಮೂರು: ಬ್ರಿಡ್ಜಿನ ತೂತಿಗೂ ಪೋಸ್ಟ್‌ಗೂ ನಡುವೆ, ಪೋಸ್ಟಿನ ಥ್ರೆಡ್‌ಗೂ ಬುಷ್‌ಗೂ (ಪೋಸ್ಟ್ ತಿರುಗಿಸಿ ಕೂರಿಸಲು ಮರದೊಳಗೆ ಇಳಿಸಿರುವ, ಹೊರಮೈಯಲ್ಲಿ ಗೀರುಗಳಿರುವ ಲೋಹದ ಕೊಳವೆ) ನಡುವೆ, ಬುಷ್‌ಗೂ ಮರಕ್ಕೂ ನಡುವೆ. ತಂತಿಗಳು ಪೂರ್ತಿ ಶ್ರುತಿಯಲ್ಲಿರುವಾಗಲೇ ಪರೀಕ್ಷಿಸಬೇಕು. ತಂತಿ ಬಿಚ್ಚಿದ ಮೇಲೆ ಬ್ರಿಡ್ಜ್ ಗಡಗಡ ಎನ್ನುವುದು ಸಹಜ, ಅದು ದೋಷವಲ್ಲ. ನಾನು ಒಂದು ಕೈಯ ತೋರುಬೆರಳ ತುದಿಯನ್ನು ಸಂದಿಯ ಎರಡೂ ಬದಿಗೆ ತಾಗುವಂತೆ ಇಟ್ಟು, ಇನ್ನೊಂದು ಕೈಯಿಂದ ಬ್ರಿಡ್ಜನ್ನು ಮೆಲ್ಲಗೆ ಹಿಂದೆಮುಂದೆ ಮಾಡಿದೆ. ಕಣ್ಣಿಗೆ ಕಾಣದ ಚಲನೆಯೂ ಬೆರಳಿಗೆ ತಿಳಿಯುತ್ತದೆ. ಮೇಲಿನ ಎರಡು ಸಂದಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಪೋಸ್ಟ್, ಬುಷ್ ಎರಡೂ ಜೊತೆಯಾಗಿ ಮರದೊಳಗೇ ಓಲಾಡುತ್ತಿದ್ದವು. ಬುಷ್‌ನ ಅಂಚಿನಲ್ಲಿ, ಕುತ್ತಿಗೆಯ ಬದಿಗೆ, ವಾರ್ನಿಷ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

(ಫೆಂಡರ್ ಕಂಪನಿಯ ಜಾಝ್‌ಮಾಸ್ಟರ್ ಗಿಟಾರ್ ಇಟ್ಟುಕೊಂಡವರಿಗೆ ಒಂದು ಮಾತು. 1958ರ ಆ ವಿನ್ಯಾಸದಲ್ಲಿ ಟ್ರೆಮೊಲೊ (ಸ್ವರ ಏರಿಳಿಸುವ ಕಡ್ಡಿ) ಅದುಮಿದಾಗ ತಂತಿಗಳ ಜೊತೆ ಬ್ರಿಡ್ಜೂ ತೂಗಬೇಕೆಂದೇ ಹಾಗೆ ಮಾಡಿದ್ದಾರೆ. ಅದು ಅಲುಗಾಡದಂತೆ ಬೇಕೆಂದರೆ ಪೋಸ್ಟ್‌ಗೆ ಟೇಪ್ ಸುತ್ತಿ ಕೂರಿಸಿ, ಅಂಟು ಮಾತ್ರ ಹಾಕಬೇಡಿ.)

ತಂತಿ ಬಿಚ್ಚಿ, ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ಬುಷ್ ಮೇಲೆತ್ತಲು ಹೊರಟೆ. ಇಕ್ಕಳದಿಂದ ಕಿತ್ತರೆ ಅಂಚಿನ ವಾರ್ನಿಷ್ ಎದ್ದು ಬರುತ್ತದೆ. ಅದರ ಬದಲು ಬುಷ್‌ನೊಳಗೆ ಸಲೀಸಾಗಿ ಇಳಿಯುವ ಒಂದು ಚಿಕ್ಕ ಬೋಲ್ಟ್ ತುಂಡನ್ನು ಹಾಕಿ, ಮೇಲಿಂದ ಪೋಸ್ಟನ್ನು ತಿರುಗಿಸುತ್ತಾ ಹೋದೆ. ಪೋಸ್ಟ್ ಕೆಳಗಿನ ತುಂಡಿಗೆ ತಾಗಿ ನಿಂತ ಮೇಲೆ, ತಿರುಗಿಸಿದಷ್ಟೂ ಬುಷ್ ಜಾಕ್ ಹಾಕಿದಂತೆ ನೆಟ್ಟಗೆ ಮೇಲೆ ಬಂತು. ಬುಷ್‌ಗೆ ತಳ ಮುಚ್ಚಿಲ್ಲದಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ.

ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿದೆ. ಟೇಲ್‌ಪೀಸ್ ಬದಿಯ ಗೋಡೆಯಲ್ಲಿ ಬುಷ್‌ನ ಗೀರುಗಳ ಅಚ್ಚು ಹಲ್ಲು ಹಲ್ಲಾಗಿ ಹಾಗೇ ಉಳಿದಿತ್ತು. ಕುತ್ತಿಗೆಯ ಬದಿಯಲ್ಲಿ ಅಚ್ಚೇ ಇಲ್ಲ. ನಾರುಗಳು ಜಜ್ಜಿಹೋಗಿ, ಮೇಲ್ಭಾಗ ನುಣ್ಣಗೆ ಹೊಳೆಯುತ್ತಿತ್ತು, ತೂತು ಅಲ್ಲಿ ಒಂದಿಷ್ಟು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಬುಷ್‌ನ ಗೀರುಗಳ ನಡುವೆ ಮರದ ಪುಡಿ ತುಂಬಿಕೊಂಡಿತ್ತು, ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೆಗೆದೆ.

ಇಲ್ಲಿ ಎರಡು ದಾರಿ. ಗಟ್ಟಿ ಮರದ ಗೂಟ ಹೊಡೆದು ತೂತು ಪೂರ್ತಿ ಮುಚ್ಚಿ ಹೊಸದಾಗಿ ಕೊರೆಯುವುದು ಒಂದು. ಮರ ಸೀಳಿದ್ದರೆ ಅಥವಾ ತೂತು ತುಂಬಾ ಹಿಗ್ಗಿದ್ದರೆ ಬೇರೆ ಗತಿಯಿಲ್ಲ, ಆದರೆ ಕೊರೆಯುವಾಗ ಜಾಗ ಚೂರು ತಪ್ಪಿದರೂ ಬ್ರಿಡ್ಜ್ ಪೋಸ್ಟ್‌ಗಳ ಮೇಲೆ ಕೂರುವುದಿಲ್ಲ. ನನ್ನ ಗಿಟಾರಿನ ಮೂಲ ತೂತಿನ ಮುಕ್ಕಾಲು ಪಾಲು ಚೆನ್ನಾಗಿತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ, ಹಿಗ್ಗಿದ ಬದಿಗೆ ಮಾತ್ರ ಮರದ ತೆಳು ಪದರ ಕೊಡುವುದೆಂದು ನಿರ್ಧರಿಸಿದೆ. ವೆನೀರ್ ಪಟ್ಟಿಯೊಂದನ್ನು ತೂತಿನ ಆಳಕ್ಕೆ ಕತ್ತರಿಸಿ, ಎಳೆ ಮೇಲಿಂದ ಕೆಳಕ್ಕೆ ಬರುವಂತೆ ಇಟ್ಟು, ಮೊದಲು ಅಂಟಿಲ್ಲದೆ ಬುಷ್ ಕೂರಿಸಿ ನೋಡಿದೆ. ಬೆರಳಲ್ಲಿ ಒತ್ತಿದರೆ ಅರ್ಧದವರೆಗೆ ಇಳಿದು ನಿಲ್ಲಬೇಕು, ಅದೇ ಸರಿಯಾದ ಬಿಗಿ. ಸುತ್ತಿಗೆ ಏಟಿಗೆ ಮಾತ್ರ ಇಳಿಯುವಷ್ಟು ಬಿಗಿಯಾದರೆ ಬಾಡಿಯೇ ಸೀಳಬಹುದು.

ಅಂಟು ಎಂದರೆ ಮರಗೆಲಸದ ಬಿಳಿ ಅಂಟು, ಅದೂ ಪಟ್ಟಿಗೂ ಗೋಡೆಗೂ ನಡುವೆ ತೆಳ್ಳಗೆ. ಅದರಲ್ಲಿರುವ ನೀರು ಜಜ್ಜಿದ ನಾರುಗಳನ್ನು ಅಷ್ಟಿಷ್ಟು ಉಬ್ಬಿಸುವುದೂ ಲಾಭವೇ. ಸೂಪರ್ ಗ್ಲೂ, ಎಪಾಕ್ಸಿ ಹಾಕಿ ಲೋಹವನ್ನೇ ಮರಕ್ಕೆ ಕಚ್ಚಿಸುವುದು ನನಗೆ ಒಪ್ಪಿಗೆಯಿಲ್ಲ. ಬುಷ್ ತನ್ನ ಗೀರುಗಳ ಹಿಡಿತದಲ್ಲೇ ನಿಲ್ಲಬೇಕು, ನಾಳೆ ಬೇಕಾದರೆ ಬಿಚ್ಚಲೂ ಬರಬೇಕು. ಬುಷ್ ಇಲ್ಲದೆ ನೇರ ಮರಕ್ಕೇ ಪೋಸ್ಟ್ ತಿರುಗಿಸುವ ಹಳೆಯ ಬಗೆಯಲ್ಲಿ ಮಾತ್ರ ಸೂಪರ್ ಗ್ಲೂಗೆ ಕೆಲಸವಿದೆ: ತೆಳುವಾದದ್ದನ್ನು ಎರಡು ಹನಿ ಥ್ರೆಡ್‌ಗೆ ಕುಡಿಸಿ, ಪೂರ್ತಿ ಒಣಗಿದ ಮೇಲೆಯೇ ಪೋಸ್ಟ್ ಹಾಕಬೇಕು.

ಬುಷ್ ಮೇಲೆ ಮರದ ತುಂಡಿಟ್ಟು ಹಗುರಾಗಿ ತಟ್ಟಿ ಇಳಿಸಿದೆ. ಕೂಡಲೇ ಪೋಸ್ಟ್ ಹಾಕಿ, ಪುಟ್ಟ ಮೂಲೆಮಟ್ಟ ಹಿಡಿದು ನಾಲ್ಕೂ ಕಡೆಯಿಂದ ನೆಟ್ಟಗಿದೆಯೇ ನೋಡಿದೆ. ಎರಡೂ ಪೋಸ್ಟ್‌ಗಳ ಮೇಲೆ ಬ್ರಿಡ್ಜ್ ಇಟ್ಟರೆ ತಾನಾಗಿ ಜಾರಿ ಕೂರಬೇಕು. ಕೂತಿತು. ಆಮೇಲೆ 24 ಗಂಟೆ ಅದನ್ನು ಮುಟ್ಟಲಿಲ್ಲ. ಸಣ್ಣ ತಂತಿಗಳ ಕಡೆಯ ಬುಷ್ ಗಟ್ಟಿಯಾಗಿತ್ತು, ಅದರ ತಂಟೆಗೇ ಹೋಗಲಿಲ್ಲ.

ಎರಡೂ ಪೋಸ್ಟ್‌ಗಳ ಥ್ರೆಡ್‌ಗೆ ನಲ್ಲಿ ಕೆಲಸದ ಟೆಫ್ಲಾನ್ ಟೇಪನ್ನು ಒಂದೊಂದು ಸುತ್ತು ಸುತ್ತಿದೆ, ಪೋಸ್ಟ್ ತಿರುಗುವ ದಿಕ್ಕಿಗೇ, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ತಂತಿ ಹಾಕಿ ಒಮ್ಮೆಲೇ ಎಳೆಯದೆ ಮೊದಲು ಅರ್ಧ ಬಿಗಿ ಮಾಡಿ, ಪೋಸ್ಟ್ ನೆಟ್ಟಗೆ ನಿಂತಿದೆ ಎಂದು ಖಾತ್ರಿಯಾದ ಮೇಲೆ ಪೂರ್ತಿ ಶ್ರುತಿಗೆ ತಂದೆ. ಟೇಲ್‌ಪೀಸನ್ನು ತುಸು ಎತ್ತಿ, ತಂತಿಗಳು ಬ್ರಿಡ್ಜಿನ ಹಿಂದಿನ ಅಂಚಿಗೆ ತಾಗದಂತೆ ಮಾಡಿದೆ. ಪೋಸ್ಟ್ ಹಿಂದಕ್ಕೆ ಬಂದದ್ದರಿಂದ 12ನೇ ಫ್ರೆಟ್‌ನ ಸ್ವರ ಈಗ ಕೆಳಗಿತ್ತು. ಸ್ಯಾಡಲನ್ನು ಮುಂದಕ್ಕೆ ತಂದರೆ ನಡುಮಧ್ಯದಲ್ಲೇ ಸರಿಹೋಯಿತು.

ಕೊನೆಗೆ ಅರ್ಥ್ ಪರೀಕ್ಷೆ. ಬಾಡಿಯೊಳಗಿನ ಅರ್ಥ್ ತಂತಿ ಸಾಮಾನ್ಯವಾಗಿ ಟೇಲ್‌ಪೀಸಿನ ಬುಷ್‌ಗೆ ತಾಗಿರುತ್ತದೆ, ಕೆಲವು ಗಿಟಾರುಗಳಲ್ಲಿ ಬ್ರಿಡ್ಜಿನ ಬುಷ್‌ಗೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೀಟುವ ತಂತಿಗೂ ಇನ್ನೊಂದನ್ನು ಜಾಕ್‌ನ ಹೊರ ಲೋಹಕ್ಕೂ ಹಿಡಿದರೆ ಓಮ್ ಸೊನ್ನೆಯ ಆಸುಪಾಸಿರಬೇಕು. ಇಲ್ಲದಿದ್ದರೆ, ಬುಷ್ ಕೂರಿಸುವಾಗ ಆ ಅರ್ಥ್ ತಂತಿ ತಪ್ಪಿಸಿಕೊಂಡಿದೆ ಎಂದರ್ಥ. ಆಗ ಅಂಟು ಒಣಗಿದ್ದರೂ ಬುಷ್ ಮತ್ತೆ ಮೇಲೆತ್ತಿ, ತಂತಿಯ ತುದಿಯನ್ನು ಕೆರೆದು ಲೋಹಕ್ಕೆ ತಾಗುವಂತೆ ಮಡಿಸಿ ಕೂರಿಸಬೇಕು.