ಹಲ್ಲೆ ಮಾಡಿದವನಿಗೆ ಕಡಿಮೆ ಶಿಕ್ಷೆಯಾಯಿತೇ? ಅಪೀಲು ಹಾಕಿಸುವುದು ಹೀಗೆ

ಮಚ್ಚಿನೇಟು ಬಿದ್ದು ಬಲಗೈಯ ಎರಡು ಬೆರಳು ಮಡಚಲು ಬರುವುದಿಲ್ಲ ಎಂದಿಟ್ಟುಕೊಳ್ಳಿ. ಅಂಗಿಯ ಗುಂಡಿ ಹಾಕಲೂ ಹೆಂಡತಿಯೇ ಬರಬೇಕು. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ತೀರ್ಪು ಬಂತು. ತಪ್ಪು ಸಾಬೀತಾಗಿದೆ, ಆದರೆ ಶಿಕ್ಷೆ ಬರೀ ದಂಡ. ಇಂಥ ದಿನ ಎಷ್ಟೋ ಮನೆಯವರು ‘ಮುಗೀತು ಬಿಡಿ’ ಎಂದು ಊರಿನ ಬಸ್ಸು ಹತ್ತುತ್ತಾರೆ. ದಯವಿಟ್ಟು ಹತ್ತಬೇಡಿ. ಅಪೀಲಿನ ವಾಯಿದೆ ಅವತ್ತಿನಿಂದಲೇ ಓಡಲು ಶುರುವಾಗಿರುತ್ತದೆ.

ಶಿಕ್ಷೆ ಸಾಲದು ಎಂದು ಅಪೀಲು ಹಾಕುವ ಅಧಿಕಾರ ಸರ್ಕಾರದ್ದು. ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಹಳೆಯ ಕಾನೂನಾದ ಸಿಆರ್‌ಪಿಸಿಯಲ್ಲಿ ಇದು 377ನೇ ಸೆಕ್ಷನ್. 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 418. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ, ಸೆಷನ್ಸ್ ಕೋರ್ಟಿನದಾದರೆ ಹೈಕೋರ್ಟಿಗೆ 60 ದಿನದೊಳಗೆ ಹೋಗಬೇಕು.

ತೀರ್ಪು ಬಂದ ದಿನವೇ ಅದರ ಸರ್ಟಿಫೈಡ್ ಕಾಪಿಗೆ, ಅಂದರೆ ಕೋರ್ಟ್ ದೃಢೀಕರಿಸಿದ ಪ್ರತಿಗೆ, ಅರ್ಜಿ ಕೊಡಿ. ಕಾಪಿ ಸಿಗಲು ಹಿಡಿದ ದಿನಗಳನ್ನು ವಾಯಿದೆಯಲ್ಲಿ ಲೆಕ್ಕ ಹಿಡಿಯುವುದಿಲ್ಲ.

ಕಾಪಿ ಕೈಗೆ ಬಂದಾಗ ಎಷ್ಟು ತಿಂಗಳು, ಎಷ್ಟು ರೂಪಾಯಿ ಎಂದು ನೋಡುವ ಮೊದಲು ಸೆಕ್ಷನ್ ನೋಡಿ. ಮಾರಕಾಯುಧದಿಂದ ತೀವ್ರ ಗಾಯ ಮಾಡಿದರೆ ಬಿಎನ್‌ಎಸ್ (ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆ) 118(2). ಅದರಲ್ಲಿ ಕನಿಷ್ಠ 1 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಸಾಧಾರಣ ಗಾಯವಾದರೆ 118(1). ಅಲ್ಲಿ ಹೆಚ್ಚೆಂದರೆ 3 ವರ್ಷ, ಬರೀ ದಂಡ ಹಾಕಿ ಬಿಡಲೂಬಹುದು. ಮೂಳೆ ಮುರಿದಿದ್ದರೂ 118(1)ರಲ್ಲಿ ಮಾತ್ರ ಶಿಕ್ಷೆಯಾಗಿದೆಯೇ? ಹಾಗಿದ್ದರೆ ಸರ್ಕಾರಕ್ಕೆ ಕಾಯಬೇಕಿಲ್ಲ. ಚಿಕ್ಕ ಅಪರಾಧಕ್ಕೆ ಇಳಿಸಿದ್ದರ ವಿರುದ್ಧ, ಪರಿಹಾರ ಕಡಿಮೆಯಾದದ್ದರ ವಿರುದ್ಧ, ಗಾಯಗೊಂಡವರೇ ಬಿಎನ್‌ಎಸ್‌ಎಸ್‌ನ 413ನೇ ಸೆಕ್ಷನ್ನಿನಡಿ ಅಪೀಲು ಹಾಕಬಹುದು. ಶಿಕ್ಷೆ ಸಾಲದು ಎಂಬ ಒಂದೇ ಕಾರಣಕ್ಕೆ ಮಾತ್ರ ಅವರು ಹಾಕುವಂತಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನನಗೆ ಇದು ನ್ಯಾಯವೆನಿಸುವುದಿಲ್ಲ. ಏಟು ತಿಂದವರ ಮಾತಿಗೆ ಇಲ್ಲಿ ಜಾಗ ಇರಬೇಕಿತ್ತು.

ಹಾಗಾಗಿ ಕೇಸು ನಡೆಸಿದ ಸರ್ಕಾರಿ ವಕೀಲರನ್ನು (ಪಿಪಿ ಅಥವಾ ಎಪಿಪಿ) ಬೇಗ ಕಂಡು, ಅಪೀಲು ಹಾಕಿಸಿ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿ ಮಾತು ಸಾಲದು. ಮನವಿ ಒಂದು ಪುಟ ಇರಲಿ. ‘ತುಂಬಾ ಅನ್ಯಾಯವಾಗಿದೆ’ ಎಂದು ಸುಮ್ನೆ ಬರೆದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ‘ವೂಂಡ್ ಸರ್ಟಿಫಿಕೇಟಿನ (ವೈದ್ಯರು ಕೊಟ್ಟ ಗಾಯದ ಪ್ರಮಾಣಪತ್ರ) ಪ್ರಕಾರ ಮುಂಗೈ ಮೂಳೆ ಮುರಿದಿದೆ, ಮೂರನೇ ಸಾಕ್ಷಿ ಮಚ್ಚು ನೋಡಿದ್ದಾರೆ, ಗಾಯಾಳು ಬಡಗಿ ಕೆಲಸ ಬಿಟ್ಟಿದ್ದಾರೆ’ ಎಂದು ಬರೆಯಿರಿ. ಕೋರ್ಟಿನ ದಾಖಲೆಯಲ್ಲಿ ಇರುವುದನ್ನೇ ಹೇಳಿ. ಮಧ್ಯಪ್ರದೇಶದ ಒಂದು ಕೇಸಿನಲ್ಲಿ, ತೀವ್ರ ಗಾಯ ಮಾಡಿದವರು ಜೈಲಿನಲ್ಲಿದ್ದದ್ದು 4 ದಿನ, ಹೈಕೋರ್ಟ್ ಅವರ ಶಿಕ್ಷೆಯನ್ನು ಅಷ್ಟಕ್ಕೇ ಇಳಿಸಿತ್ತು. ಸರ್ಕಾರ ಅಪೀಲು ಹೋಯಿತು, 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಹೆಚ್ಚಿಸಿತು. ಕೃತ್ಯ ಎಂಥದ್ದು, ಮಾಡಿದವನು ಎಂಥವನು, ಇಂಥ ಬೇರೆ ಕೇಸುಗಳಲ್ಲಿ ಎಷ್ಟು ಶಿಕ್ಷೆ ಕೊಡುತ್ತಾರೆ ಎಂಬ ಮೂರನ್ನೂ ತೂಗಿ ನೋಡಬೇಕು ಎಂದಿತು. ನಿಮ್ಮ ಪುಟವೂ ಈ ಮೂರಕ್ಕೆ ಉತ್ತರ ಕೊಡಲಿ. ಕೊಟ್ಟ ಮನವಿಗೆ ಸ್ವೀಕೃತಿ ಪಡೆಯಿರಿ, ಕಡತ ಎಲ್ಲಿಗೆ ಹೋಯಿತೆಂದು ವಾರಕ್ಕೊಮ್ಮೆ ವಿಚಾರಿಸಿ. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ.

ಎರಡು ವಿಷಯ ಮೊದಲೇ ಗೊತ್ತಿರಲಿ. ಅಪೀಲು ಹೋದರೆ ಅಪರಾಧಿಗೂ ಬಾಗಿಲು ತೆರೆಯುತ್ತದೆ. ಅದೇ ಅಪೀಲಿನಲ್ಲಿ ಅವನು ‘ನನ್ನನ್ನು ಬಿಡುಗಡೆ ಮಾಡಿ’ ಎಂದೂ ಕೇಳಬಹುದು. ಇನ್ನೊಂದು, ಕೆಳಗಿನ ಕೋರ್ಟ್ ಕೊಡಬಹುದಾಗಿದ್ದ ಮಿತಿಯನ್ನು ಮೇಲಿನ ಕೋರ್ಟ್ ದಾಟುವಂತಿಲ್ಲ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೊಡಬಹುದಾದದ್ದೇ 3 ವರ್ಷ. ಅಲ್ಲಿಂದ ಹೋದ ಅಪೀಲಿನಲ್ಲಿ ಅದಕ್ಕಿಂತ ಜಾಸ್ತಿ ನಿರೀಕ್ಷಿಸಬೇಡಿ.

ಸರ್ಕಾರ ಆಗಲ್ಲ ಎಂದರೆ? ಶಿಕ್ಷೆಯಾದ ದಿನದಿಂದ 90 ದಿನದೊಳಗೆ ಹೈಕೋರ್ಟಿನಲ್ಲಿ ರಿವಿಷನ್ ಅರ್ಜಿ (ಕೆಳಗಿನ ಕೋರ್ಟಿನ ಆದೇಶ ಸರಿಯೇ ಎಂದು ಪರಿಶೀಲಿಸಿ ಎನ್ನುವ ಅರ್ಜಿ) ಹಾಕುವ ದಾರಿ ಇದೆ. ಬೆಂಗಳೂರು, ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ. ಇದಕ್ಕೆ ನಿಮ್ಮದೇ ವಕೀಲರು ಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.