ವಾರಸುದಾರಿಕೆ ವ್ಯಾಜ್ಯ ನಡೆಯುವಾಗ ವಿಧವೆಯ ಮನೆಗೆ ತಡೆಯಾಜ್ಞೆ ಪಡೆಯುವುದು ಹೇಗೆ?

ಗಂಡ ತೀರಿಕೊಂಡ ಮೇಲೆ ಆಸ್ತಿ ಜಗಳ ಎದ್ದರೆ ಮೊದಲು ನೆನಪಿಡಬೇಕಾದದ್ದು: ಮನೆ ಬಿಟ್ಟು ಹೋಗಬೇಡಿ. ತಾತ್ಕಾಲಿಕ ತಡೆಯಾಜ್ಞೆ ಸಾಮಾನ್ಯವಾಗಿ ಕಾಪಾಡುವುದು ದಾವೆ ಹಾಕಿದ ದಿನ ಇದ್ದ ಸ್ಥಿತಿಯನ್ನು. "ನಾಲ್ಕು ದಿನ ತವರಿಗೆ ಹೋಗಿ ಬಾ" ಎಂದು ಕಳಿಸಿ ಬೀಗ ಬದಲಾಯಿಸಿದರೆ ಕೇಸು ಕಷ್ಟವಾಗುತ್ತದೆ. ಹೀಗೆ ಬಲವಂತವಾಗಿ ಹೊರಹಾಕಿದ್ದರೂ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸು ಕೇಳಬಹುದು. ಮಾಲೀಕರು ಯಾರು ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ.

ಎದುರಾಳಿ ಯಾರೆಂಬುದರ ಮೇಲೆ ದಾವೆಯ ಸ್ವರೂಪ ನಿಂತಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಗಂಡ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಕ್ಕಳು ಮತ್ತು ಗಂಡನ ತಾಯಿಗೆ ಸಮಪಾಲು. ಹೆಂಡತಿ ಬದುಕಿರುವಾಗ ಭಾವ-ಮೈದುನರಿಗೆ ಅದರಲ್ಲಿ ಪಾಲಿಲ್ಲ. ಅವರು ತೊಂದರೆ ಕೊಡುತ್ತಿದ್ದರೆ ಶಾಶ್ವತ ನಿರ್ಬಂಧಕಾಜ್ಞೆಯ (ಕಾಯಂ ತಡೆಯಾಜ್ಞೆಯ) ದಾವೆ ಹಾಕಬಹುದು. ಅವರು ನಿಮ್ಮ ಹಕ್ಕನ್ನೇ ಗಂಭೀರವಾಗಿ ಪ್ರಶ್ನಿಸಿದ್ದರೆ ಹಕ್ಕು ಘೋಷಣೆಯನ್ನೂ (ಹಕ್ಕು ನಿಮ್ಮದೆಂದು ಕೋರ್ಟ್ ಸಾರುವುದನ್ನು) ಕೇಳಬೇಕು. ಎದುರಾಳಿ ಅತ್ತೆ ಅಥವಾ ಮಗನಾದರೆ ಅವರೂ ಪಾಲುದಾರರೇ. ಪಾಲುದಾರರ ವಿರುದ್ಧ ಬರೀ ತಡೆಯಾಜ್ಞೆ ಕೇಳಿದ ದಾವೆಗಳು ಹೆಚ್ಚಾಗಿ ಬಿದ್ದುಹೋಗುತ್ತವೆ. ಕಾರಣ, ಜಂಟಿ ಆಸ್ತಿಯಲ್ಲಿ ಒಬ್ಬರ ಸ್ವಾಧೀನ ಎಲ್ಲರ ಸ್ವಾಧೀನವೆಂದೇ ಲೆಕ್ಕ. ಅಂಥಲ್ಲಿ ಪಾಲು ವಿಭಾಗದ ದಾವೆ ಹಾಕಿ, ಅದರಲ್ಲೇ "ಮಾರಬಾರದು, ಅಡವಿಡಬಾರದು, ಬಲವಂತದಿಂದ ಹೊರಹಾಕಬಾರದು" ಎಂಬ ಮಧ್ಯಂತರ ಅರ್ಜಿ ಕೊಡಿ. ಮುಸ್ಲಿಂ, ಕ್ರೈಸ್ತ ವಿಧವೆಯರ ಪಾಲಿನ ಲೆಕ್ಕ ಬೇರೆ; ತಡೆಯಾಜ್ಞೆಯ ವಿಧಾನ ಎಲ್ಲರಿಗೂ ಒಂದೇ.

ಕಾಗದಪತ್ರ: ಮರಣ ಪ್ರಮಾಣಪತ್ರ, ವಂಶವೃಕ್ಷ, ಕ್ರಯಪತ್ರ, ಖಾತೆ ಅಥವಾ ಪಹಣಿ, ಇತ್ತೀಚಿನ ಇ.ಸಿ. (ಋಣಭಾರ ಪ್ರಮಾಣಪತ್ರ). ಸ್ವಾಧೀನಕ್ಕೆ ಪುರಾವೆಯಾಗಿ ಕಂದಾಯ ರಸೀದಿ, ಕರೆಂಟ್ ಬಿಲ್, ಗ್ಯಾಸ್ ಪುಸ್ತಕ, ರೇಷನ್ ಕಾರ್ಡ್. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ದಾವೆಯ ಶೆಡ್ಯೂಲಿನಲ್ಲಿ (ಆಸ್ತಿಯ ವಿವರಣೆಯಲ್ಲಿ) ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮತ್ತು ಅಳತೆ ಕ್ರಯಪತ್ರಕ್ಕೆ ಅಕ್ಷರಶಃ ಹೊಂದಬೇಕು. ಪೂರ್ವ-ಪಶ್ಚಿಮ ಅದಲು ಬದಲಾದರೂ ಎದುರು ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಅರ್ಜಿ ಹಾಕುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 1 ಮತ್ತು 2ನೇ ನಿಯಮದಡಿ, ಅಫಿಡವಿಟ್ ಸಮೇತ. ನ್ಯಾಯಾಧೀಶರು ನೋಡುವುದು ಮೂರನ್ನು: ಮೇಲ್ನೋಟಕ್ಕೆ ನಿಮಗೆ ಹಕ್ಕಿದೆಯೇ, ಆಜ್ಞೆ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆ ನಷ್ಟ ಹಣದಿಂದ ತುಂಬುವಂಥದ್ದೇ. ಇರಲು ಬೇರೆ ಮನೆಯಿಲ್ಲ, ಮಕ್ಕಳ ಶಾಲೆ ಇಲ್ಲೇ ಇದೆ ಎಂಬಂಥ ವಿವರಗಳನ್ನು ಅಫಿಡವಿಟ್ಟಿನಲ್ಲಿ ಬಿಡಿಸಿ ಬರೆಸಿ. "ತುಂಬಲಾರದ ನಷ್ಟವಾಗುತ್ತದೆ" ಎಂಬ ಒಂದು ಸಾಲು ಸಾಲದು.

ತುರ್ತಿದ್ದರೆ ಎದುರಾಳಿಗೆ ನೋಟಿಸ್ ಹೋಗುವ ಮೊದಲೇ ಏಕಪಕ್ಷೀಯ ಆಜ್ಞೆ ಸಿಗಬಹುದು. ಆಗ ಅದೇ 39ನೇ ಆದೇಶದ 3ನೇ ನಿಯಮದಂತೆ ಅರ್ಜಿ, ಅಫಿಡವಿಟ್, ದಾವೆ ಮತ್ತು ದಾಖಲೆಗಳ ಪ್ರತಿಗಳನ್ನು ಕೂಡಲೇ ಎದುರಾಳಿಗೆ ತಲುಪಿಸಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಹಾಗೆ ಮಾಡಿದ್ದಕ್ಕೆ ಅದೇ ದಿನ ಅಥವಾ ಮರುದಿನ ಅಫಿಡವಿಟ್ ಸಲ್ಲಿಸಬೇಕು. ಇದನ್ನು ಮರೆತರೆ ಸಿಕ್ಕ ಆಜ್ಞೆ ಕೈತಪ್ಪಬಹುದು. ಹಿಂದಿನ ಪಂಚಾಯ್ತಿ, ಸಹಿ ಹಾಕಿದ ಹಕ್ಕು ಬಿಡುಗಡೆ ಪತ್ರ ಏನಿದ್ದರೂ ಮೊದಲೇ ಹೇಳಿಬಿಡಿ. ಮುಚ್ಚಿಟ್ಟದ್ದು ಬಯಲಾದರೆ ಆಜ್ಞೆ ತೆರವಾಗುತ್ತದೆ. ಇನ್ನೊಂದು ಮಾತು: "ಮುಂದಿನ ದಿನಾಂಕದವರೆಗೆ" ಎಂದು ಕೊಟ್ಟ ಆಜ್ಞೆಯನ್ನು ಪ್ರತಿ ವಾಯಿದೆಯಲ್ಲೂ ಮುಂದುವರಿಸಿದ್ದಾರೆಯೇ ಎಂದು ವಕೀಲರನ್ನು ಕೇಳಲೇಬೇಕು.

ಜೊತೆಗೊಂದು ಗಟ್ಟಿ ದಾರಿಯಿದೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005ರ 17 ಮತ್ತು 19ನೇ ಕಲಂಗಳು ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕಾಯುತ್ತವೆ. ಮನೆ ಅತ್ತೆ-ಮಾವನ ಹೆಸರಲ್ಲಿದ್ದರೂ ಅದು ಅನ್ವಯಿಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ. ರಕ್ಷಣಾ ಆದೇಶ ಮುರಿದವರಿಗೆ 1 ವರ್ಷದವರೆಗೆ ಜೈಲು ಅಥವಾ ₹20,000ದವರೆಗೆ ದಂಡ, ಇಲ್ಲವೇ ಎರಡೂ. ಇದು ವಾಸದ ರಕ್ಷಣೆ ಮಾತ್ರ. ಪಾಲಿಗೆ ಸಿವಿಲ್ ದಾವೆಯೇ ಬೇಕು.

ಸಿವಿಲ್ ಆಜ್ಞೆ ಮುರಿದರೆ 39ನೇ ಆದೇಶದ 2ಎ ನಿಯಮದಡಿ ಅರ್ಜಿ ಹಾಕಿ: ಆಸ್ತಿ ಜಪ್ತಿ, 3 ತಿಂಗಳವರೆಗೆ ಸಿವಿಲ್ ಸೆರೆವಾಸ ಸಾಧ್ಯ. ಠಾಣೆಯಲ್ಲಿ "ಇದು ಸಿವಿಲ್ ವಿಷಯ" ಎಂದು ಕಳಿಸಿದರೆ, ಪೊಲೀಸ್ ನೆರವಿಗಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಕಲಂನಡಿ ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ವಕೀಲರ ಫೀಸಿಗೆ ಹೆದರಬೇಡಿ: ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.