ಹಗಲು ಕೌದಿ, ರಾತ್ರಿ ಕಾದಂಬರಿ

ಕೌದಿ, ಅಂದರೆ ಹಳೇ ಬಟ್ಟೆಯ ಪದರಗಳನ್ನು ಕೂಡಿಸಿದ ಹೊದಿಕೆ, ಹೊಲಿಯಬೇಕು ಅಂತ ಮನಸ್ಸು ಮಾಡಿದ್ದರೆ ಮೊದಲ ದಿನ ಸೂಜಿ ಮುಟ್ಟಬೇಡ ತಂಗಿ. ಟ್ರಂಕಿನಲ್ಲಿರುವ ಹಳೇ ಸೀರೆ, ಧೋತರ, ಪರಕಾರ, ಅಂಗಿ ಎಲ್ಲವನ್ನೂ ಒಗೆದು ಒಣಗಿಸು. ಒಣಗಿದ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡು. ಎಳೆ ಸವೆದು ಆಚೆಯ ಬೆಳಕು ಕಾಣುವಂಥದ್ದು ಒಳಪದರಕ್ಕೆ, ಗಟ್ಟಿ ಇರುವುದು ಮೇಲಕ್ಕೆ ಮತ್ತು ತಳಕ್ಕೆ. ಹೊಸ ಬಟ್ಟೆಯನ್ನು ಮಾತ್ರ ಹಳೆಯದರ ಜೊತೆ ಸೇರಿಸಬೇಡ. ಮದುವೆಯಾದ ಹೊಸದರಲ್ಲಿ ನಾನು ಚೆಂದ ಕಾಣಲಿ ಅಂತ ಅಂಗಡಿಯಿಂದ ತಂದ ಕೆಂಪು ತುಂಡನ್ನು ನೀರಿಗೂ ಹಾಕದೆ ನಡುವೆ ಹಚ್ಚಿದ್ದೆ. ಮೊದಲ ಒಗೆತಕ್ಕೇ ಅದು ಕುಗ್ಗಿ, ಸುತ್ತಲಿನ ಮೆತ್ತನೆ ಸೀರೆಯನ್ನು ಜಗ್ಗಿ ಹರಿದುಬಿಟ್ಟಿತು, ಬಣ್ಣವನ್ನೂ ಬಿಟ್ಟಿತು. ಅತ್ತೆ ಬೈಯಲಿಲ್ಲ. ಪಕ್ಕದಲ್ಲಿ ಕೂತು ಆ ತುಂಡಿನ ಹೊಲಿಗೆ ಬಿಚ್ಚುತ್ತಾ, “ಹಳೇ ಅರಿವಿ ಹಳೇದರ ಜೋಡಿನ ಬಾಳ್ವಿ ಮಾಡ್ತಾವ, ತಗೋ” ಅಂದರು.

ಇಳಕಲ್ ಸೀರೆ ಸಿಕ್ಕರೆ ಸೆರಗನ್ನು ಒಡಲಿನಿಂದ ಬೇರೆ ಮಾಡಿಕೊ. ಒಡಲು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದು, ಎರಡನ್ನೂ ಮಗ್ಗದ ಮೇಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹತ್ತಿ ಎಷ್ಟು ಒಗೆದರೂ ಮೆತ್ತಗಾಗುತ್ತಾ ಹೋಗುತ್ತದೆ, ಹಳೇ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಸೆರಗಿನಲ್ಲಿ ಕಸೂತಿಯ ಗೋಪುರವೋ ತೇರೋ ಇದ್ದರೆ ಕೌದಿಗೆ ಹಾಕಲೇಬೇಡ, ಎತ್ತಿಡು. ಅಂಥ ಕೈಕೆಲಸ ದಿನವೂ ಮೈಗೆ ಉಜ್ಜಿ ಸವೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮೂರು ಪದರ ಸಾಕು, ಚಳಿಗೆಂದರೆ ನಾಲ್ಕು. ಅದಕ್ಕೂ ಹೆಚ್ಚಾದರೆ ಸೂಜಿ ದಾಟುವುದಿಲ್ಲ, ನೆನೆದ ಕೌದಿಯನ್ನು ಇಬ್ಬರು ಸೇರಿದರೂ ಎತ್ತಲಾಗದು. ನೆಲದ ಮೇಲೆ ಹಾಸಿ, ಮೂಲೆಗಳಿಗೆ ಭಾರ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಕಚ್ಚಾ ಹೊಲಿಗೆ ಹಾಕಿಕೊ. ಇದರಲ್ಲಿ ಅವಸರ ಮಾಡಿದರೆ ಒಳಪದರ ಗಂಟುಕಟ್ಟಿ, ಮಲಗಿದವರ ಬೆನ್ನಿಗೆ ಒತ್ತುತ್ತದೆ. ಆಮೇಲೆ ಮೂಲೆಯಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಾ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು, ಆಫ್ರಿಕಾ ಮೂಲದ ಜನಾಂಗದವರು, ಹೊಲಿಯುವುದೂ ಹೀಗೇ, ಅಂಚಿನಿಂದ ಒಳಕ್ಕೆ. ಅವರು ಮೂಲೆಗಳಿಗೆ ಬಣ್ಣದ ತುಂಡು ಮಡಿಸಿ ಹೂವು ಕೂಡಿಸುತ್ತಾರೆ, ಹೂವಿಲ್ಲದ ಕೌದಿ ಅವರಿಗೆ ಪೂರ್ತಿಯಾದದ್ದಲ್ಲ. ಅದನ್ನು ನೋಡಿದ ಮೇಲೆ ನಾನೂ ಮೂಲೆ ಖಾಲಿ ಬಿಟ್ಟಿಲ್ಲ.

ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಸಲೀಸಾಗಿ ಓಡುತ್ತದೆ. ವಯಸ್ಸಾದವರು ಬೆಳಗಿನ ಬಿಸಿಲಲ್ಲೇ ಹತ್ತು ಸೂಜಿಗೆ ದಾರ ಪೋಣಿಸಿ ಒಂದು ದಪ್ಪ ಬಟ್ಟೆಗೆ ಚುಚ್ಚಿಟ್ಟುಕೊಳ್ಳಬೇಕು, ಮಧ್ಯಾಹ್ನ ಕಣ್ಣು ಸೋತಾಗ ಯಾರನ್ನೂ ಕರೆಯಬೇಕಾಗಿಲ್ಲ. ಸಂಜೆ ಎಣಿಸಿ ಹತ್ತೂ ಇವೆಯೇ ನೋಡಿಯೇ ಮೇಲೇಳು, ಮನೆಯಲ್ಲಿ ಕೂಸು ಇದ್ದರಂತೂ ತಪ್ಪಿಸಬೇಡ.

ದೀಪ ಹಚ್ಚಿದ ಮೇಲೆ ಹೊಲಿಯಬೇಡ. ನಾನು ಆ ಹೊತ್ತಿಗೆ ಐತಿಹಾಸಿಕ ಕಾದಂಬರಿ ಹಿಡಿಯುತ್ತೇನೆ, ಗೋಡೆಗೆ ಒರಗಿ, ಪುಸ್ತಕವನ್ನು ದಿಂಬಿನ ಮೇಲಿಟ್ಟು. ಹಗಲೆಲ್ಲಾ ಬಗ್ಗಿದ ಕತ್ತಿಗೆ ಇದರಷ್ಟು ಒಳ್ಳೆಯ ವಿಶ್ರಾಂತಿ ಇಲ್ಲ. ಕೊನೆ ಮೊದಲೇ ಗೊತ್ತಿರುವ ಕಥೆ ಆರಿಸಿಕೊ ಅನ್ನುತ್ತೇನೆ. ಮುಂದೇನು ಅನ್ನುವ ಕುತೂಹಲಕ್ಕೆ ಹಗಲಿನ ಕೆಲಸ ಕೆಡುವುದಿಲ್ಲ, ಬೇಕಾದ ಕಡೆ ಮುಚ್ಚಿಡಬಹುದು. ತ.ರಾ.ಸು. ಅವರ ‘ದುರ್ಗಾಸ್ತಮಾನ’ ನೋಡು, ಮುಗಿವು ಹೆಸರಿನಲ್ಲೇ ಇದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿದ್ದು ಶಾಲೆಯಲ್ಲೇ ಓದಿದ್ದೇವೆ. ಹಾಗಿದ್ದರೂ ಮದಕರಿನಾಯಕ ಈ ಸಲ ಉಳಿದಾನು ಅಂತ ಮನಸ್ಸು ಪ್ರತಿ ಸಲವೂ ಆಸೆಪಡುತ್ತದೆ. ಮೂರು ಸಲ ಓದಿದ್ದೇನೆ, ಮೂರು ಸಲವೂ ಅತ್ತಿದ್ದೇನೆ.

ಒಂದು ಎಚ್ಚರ ಹೇಳಲೇಬೇಕು. ಗುರುತಿಗೆಂದು ಪುಟದ ನಡುವೆ ಸೂಜಿ ಇಡಬೇಡ. ಒಮ್ಮೆ ಮಳೆಗಾಲದಲ್ಲಿ ಹಾಗೆ ಇಟ್ಟು ಮರೆತೆ. ಮುಂದಿನ ವರ್ಷ ತೆರೆದಾಗ ಎರಡೂ ಪುಟಕ್ಕೆ ಸೂಜಿಯದೇ ಆಕಾರದ ತುಕ್ಕಿನ ಗೆರೆ, ಎರಡು ಸಾಲು ಅಕ್ಷರ ಅದರಡಿಗೆ ಹೋಗಿದ್ದವು. ಈಗ ಸೀರೆ ಅಂಚಿನ ಬೆರಳಗಲದ ಪಟ್ಟಿ ಕತ್ತರಿಸಿ ಇಡುತ್ತೇನೆ, ಅಂಚು ಎಳೆ ಬಿಚ್ಚಿಕೊಳ್ಳುವುದಿಲ್ಲ.

ಕೂಸಿನ ಕೌದಿಯ ಜೊತೆ ನುಸಿಗುಳಿಗೆ ಇಡಬೇಡ, ಅದರ ಗಾಳಿ ಎಳೆಮಕ್ಕಳಿಗೆ ಒಳ್ಳೆಯದಲ್ಲ. ನೆರಳಲ್ಲಿ ಒಣಗಿಸಿದ ಬೇವಿನೆಲೆ ಬಟ್ಟೆಯಲ್ಲಿ ಕಟ್ಟಿಟ್ಟು, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕು. ಒಗೆದಾಗ ಹಿಂಡಬೇಡ, ಎರಡು ಹಗ್ಗದ ಮೇಲೆ ಅಗಲವಾಗಿ ಹರವು.

ಹೊಲಿಗೆ ಮುಗಿಯುತ್ತಾ ಬಂದ ಹೊತ್ತಿಗೆ ಕೌದಿಯ ನಡುವೆ ಅಂಗೈಯಗಲದ ಬಾಯಿ ಉಳಿದಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಬರಿದೇ ಮುಚ್ಚುವುದಿಲ್ಲ, ಕೌದಿಯ ಹೊಟ್ಟೆ ಹಸಿದಿರಬಾರದು ಅಂತ ಉಗುರಗಲದ ಕಡಕ್ ರೊಟ್ಟಿ ಇಡುತ್ತೇವೆ. ಎಣ್ಣೆ, ಬೆಲ್ಲ ತಾಗಿದ್ದು ಬೇಡ, ಇರುವೆ ಹತ್ತುತ್ತದೆ. ಹೋದ ಸಲ ಮೊಮ್ಮಗಳು ಎದುರಿಗೆ ಕೂತು ದುರ್ಗದ ಕೊನೆಯ ಪುಟಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವಳ ದನಿ ಕಟ್ಟಿದಾಗ ನಾನೂ ಸೂಜಿ ನಿಲ್ಲಿಸಿದೆ. ಕಣ್ಣೊರೆಸಿಕೊಂಡು ಅವಳೇ ರೊಟ್ಟಿ ಚೂರು ಮುರಿದು ಕೊಟ್ಟಳು, ಬಾಯಿ ಮುಚ್ಚಿ ಹೊಲಿದೆ.